ಶಾಮೊನಿಯಲ್ಲಿ ಊಟಕ್ಕೆ ಎಲ್ಲಿ ಹೋಗೋದು?

ಹಿಮದ ಫೋಟೋ ಹಾಕಿದ್ದೇ ತಡ, ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬಂದ ಮೊದಲ ಪ್ರಶ್ನೆ "ಸ್ಕೀಯಿಂಗ್ ಕಲಿತೆಯಾ?" ಅಂತ ಅಲ್ಲ. "ಊಟಕ್ಕೆ ಏನು ಮಾಡಿದ್ರಿ?" ಅಂತ. ಕೇಳಿದ್ದು ಚಿಕ್ಕಮ್ಮ. ಆಗ "ಎಲ್ಲಾ ಸಿಗುತ್ತೆ ಚಿಕ್ಕಮ್ಮ" ಅಂತ ಒಂದು ಸಾಲು ಟೈಪ್ ಮಾಡಿ ತಪ್ಪಿಸಿಕೊಂಡೆ. ಪೂರ್ತಿ ಉತ್ತರ ಸ್ವಲ್ಪ ಉದ್ದ ಇದೆ, ಅದಕ್ಕೇ ಇಲ್ಲಿ ಬರೀತಿದೀನಿ. ನಿಮ್ಮಲ್ಲಿ ಯಾರಾದರೂ ಸಸ್ಯಾಹಾರಿ ಅಪ್ಪ ಅಮ್ಮನನ್ನು ಕರ್ಕೊಂಡು ಆ ಕಡೆ ಹೋಗುವವರಿದ್ದರೆ ಉಪಯೋಗಕ್ಕೆ ಬರಬಹುದು.

ಶಾಮೊನಿ ಇರೋದು ಫ್ರಾನ್ಸ್‌ನ ಆಲ್ಪ್ಸ್‌ನಲ್ಲಿ, ಮಾಂಟ್ ಬ್ಲಾಂಕ್ ಬೆಟ್ಟದ ಬುಡದಲ್ಲಿ. 1924ರಲ್ಲಿ ಮೊಟ್ಟಮೊದಲ ಚಳಿಗಾಲದ ಒಲಿಂಪಿಕ್ಸ್ ನಡೆದ ಊರು. ಪೇಟೆಯ ಮಧ್ಯದಲ್ಲೇ ಆರ್ವ್ ನದಿ ಹರಿಯುತ್ತೆ, ತಲೆ ಎತ್ತಿದರೆ 4,800 ಮೀಟರ್ ದಾಟಿದ ಶಿಖರ. ನಾನು ಕೆಲಸದ ಮೇಲೆ ಜಿನೀವಾದಲ್ಲಿದ್ದೆ. ಅಲ್ಲಿಂದ ಬಸ್ಸಿನಲ್ಲಿ ಹೆಚ್ಚುಕಡಿಮೆ ಒಂದೂವರೆ ಗಂಟೆ. ಫೆಬ್ರವರಿಯಲ್ಲಿ ಅಮ್ಮ ತಿಪಟೂರಿನಿಂದ ನಮ್ಮ ಮನೆಗೆ ಬಂದಿದ್ದರು. ಶುಕ್ರವಾರದಿಂದ ಸೋಮವಾರದವರೆಗೆ ನಾಲ್ಕು ದಿನ, ನಾನು, ಹೆಂಡತಿ, ಅಮ್ಮ. ನಾವಿಬ್ಬರು ಸ್ಕೀ ಕಲಿಯೋದು, ಅಮ್ಮ ಬಿಸಿಲಲ್ಲಿ ಕೂತು ನಾವು ಬೀಳೋದನ್ನ ನೋಡೋದು ಅಂತ ಪ್ಲಾನ್.

ಮೊದಲನೇ ದಿನವೇ ಎಡವಟ್ಟಾಯಿತು. ಬಸ್ಸಿಳಿದು, ಫ್ಲ್ಯಾಟಿನ ಕೀ ತಗೊಂಡು, ಬ್ಯಾಗ್ ಇಟ್ಟು ಹೊರಗೆ ಬಂದಾಗ ಮಧ್ಯಾಹ್ನ ಎರಡೂ ಮುಕ್ಕಾಲು. ಡಾಕ್ಟರ್ ಪಕಾರ್ ರಸ್ತೆ ಅಂತ ಇದೆ, ಊರಿನ ಮುಖ್ಯ ಪೇಟೆಬೀದಿ. 1786ರಲ್ಲಿ ಮಾಂಟ್ ಬ್ಲಾಂಕ್ ಮೊದಲು ಹತ್ತಿದ ಇಬ್ಬರಲ್ಲಿ ಒಬ್ಬರಾದ ಡಾಕ್ಟರ್ ಹೆಸರು ಅದು. ಆ ಬೀದಿಯಲ್ಲಿ ರೆಸ್ಟೋರೆಂಟ್‌ಗಳಿಗೇನು ಕಮ್ಮಿ ಇಲ್ಲ. ಆದರೆ ಒಂದರ ಬಾಗಿಲಿಗೆ ಹೋದರೆ "ಕಿಚನ್ ಕ್ಲೋಸ್", ಇನ್ನೊಂದಕ್ಕೆ ಹೋದರೆ ಕುರ್ಚಿ ಎತ್ತಿ ಮೇಜಿನ ಮೇಲಿಡ್ತಿದ್ದಾರೆ. ಫ್ರಾನ್ಸ್‌ನಲ್ಲಿ ಮಧ್ಯಾಹ್ನದ ಊಟ ಅಂದ್ರೆ ಹನ್ನೆರಡರಿಂದ ಎರಡು. ರಾತ್ರಿ ಊಟ ಏಳರ ಮೇಲೆ. ಮಧ್ಯದಲ್ಲಿ ಹಸಿವಾದರೆ ಅದು ನಿಮ್ಮ ಸಮಸ್ಯೆ. ಬೆಂಗಳೂರಿನ ದರ್ಶಿನಿ ನಂಬಿ ಬೆಳೆದವನಿಗೆ ಇದು ಅರ್ಥ ಆಗೋಕೆ ಟೈಮ್ ಬೇಕು. ಕೊನೆಗೆ ಬೇಕರಿಯೊಂದರಲ್ಲಿ ಬಿಸಿ ಬ್ಯಾಗೆಟ್ ತಗೊಂಡು, ಅಮ್ಮ ತಂದಿದ್ದ ಚಟ್ನಿಪುಡಿ ಉದುರಿಸಿಕೊಂಡು, ನದಿ ಪಕ್ಕದ ಬೆಂಚಿನಲ್ಲಿ ಕೂತು ತಿಂದ್ವಿ. ನಿಜ ಹೇಳ್ತೀನಿ, ಬ್ಯಾಗೆಟ್ಟಿಗೂ ಚಟ್ನಿಪುಡಿಗೂ ಹೇಳಿಮಾಡಿಸಿದ ಜೋಡಿ.

ಹಾಗಾಗಿ ಮೊದಲ ಸಲಹೆ: ಎಲ್ಲಿ ತಿನ್ನಬೇಕು ಅನ್ನೋದಕ್ಕಿಂತ ಎಷ್ಟು ಗಂಟೆಗೆ ತಿನ್ನಬೇಕು ಅನ್ನೋದನ್ನ ಮೊದಲು ಫಿಕ್ಸ್ ಮಾಡಿ. ಮಧ್ಯಾಹ್ನ 'ಪ್ಲಾ ದ್ಯು ಜೂರ್' ಅಂತ ಹೊರಗೆ ಬೋರ್ಡಿನಲ್ಲಿ ಸೀಮೆಸುಣ್ಣದಲ್ಲಿ ಬರೆದಿರ್ತಾರೆ, ಆ ದಿನದ ಅಡುಗೆ. ರಾತ್ರಿಯ ಬೆಲೆಗೆ ಹೋಲಿಸಿದರೆ ಅಗ್ಗ. ಫೆಬ್ರವರಿ, ಮಾರ್ಚ್‌ನಲ್ಲಿ ಅಲ್ಲಿನ ಶಾಲೆಗಳಿಗೆ ಚಳಿಗಾಲದ ರಜೆ, ಒಂದೊಂದು ಪ್ರಾಂತ್ಯಕ್ಕೆ ಒಂದೊಂದು ಸಮಯದಲ್ಲಿ. ಆಗ ರಾತ್ರಿ ಟೇಬಲ್ ಬುಕ್ ಮಾಡದೆ ಹೋದರೆ ಚಳಿಯಲ್ಲಿ ನಿಂತೇ ಇರಬೇಕು. ನೀರು ಬೇಕಾದರೆ "ಊನ್ ಕರಾಫ್ ದೋ" ಅಂತ ಕೇಳಿ. ನಲ್ಲಿ ನೀರು, ದುಡ್ಡಿಲ್ಲ. ಸುಮ್ಮನೆ "ವಾಟರ್" ಅಂದ್ರೆ ಬಾಟಲ್ ತಂದಿಟ್ಟು ಬಿಲ್ಲಿಗೆ ಸೇರಿಸ್ತಾರೆ.

ಈಗ ಚೀಸ್ ವಿಷಯಕ್ಕೆ ಬರ್ತೀನಿ.

ಶಾಮೊನಿ ಇರೋ ಸವ್ವಾ ಪ್ರಾಂತ್ಯದ ಅಡುಗೆ ಅಂದ್ರೆ ಆಲೂಗಡ್ಡೆ, ಚೀಸ್, ಹಂದಿ ಮಾಂಸ, ಬ್ರೆಡ್ಡು. ಚಳಿಗಾಲದಲ್ಲಿ ಆರು ತಿಂಗಳು ಹಿಮ ಬಿದ್ದಿರೋ ಕಡೆ ಮತ್ತೇನು ಉಳಿಯುತ್ತೆ ಹೇಳಿ. ಎಲ್ಲಾ ಮೆನುವಿನಲ್ಲೂ ಮೂರು ಹೆಸರು ಇದ್ದೇ ಇರುತ್ತೆ. ಒಂದು ಫಾಂಡ್ಯೂ: ಬೊಫೋರ್, ಕೊಂತೆ ಇಂಥ ಚೀಸ್‌ಗಳನ್ನ ಬಿಳಿ ವೈನಿನಲ್ಲಿ ಕರಗಿಸಿ, ಉರಿಯ ಮೇಲಿಟ್ಟ ಪಾತ್ರೆಯಲ್ಲಿ ತರ್ತಾರೆ, ಉದ್ದನೆ ಫೋರ್ಕಿಗೆ ಬ್ರೆಡ್ ಚುಚ್ಚಿ ಅದ್ದಿ ತಿನ್ನೋದು. ಎರಡು ತಾರ್ತಿಫ್ಲೆಟ್: ಆಲೂಗಡ್ಡೆ, ಈರುಳ್ಳಿ ಮೇಲೆ ರೆಬ್ಲೊಶೋಂ ಅನ್ನೋ ಮೆತ್ತನೆ ಚೀಸ್ ಇಟ್ಟು ಓವನ್ನಿನಲ್ಲಿ ಬೇಯಿಸಿದ್ದು. ಇದನ್ನ ಅಜ್ಜಿ ಕಾಲದ ತಿಂಡಿ ಅಂತ ತಿಳ್ಕೊಂಡಿರ್ತಾರೆ, ಆದರೆ ಈ ಹೆಸರು ಚಾಲ್ತಿಗೆ ಬಂದಿದ್ದೇ 1980ರ ದಶಕದಲ್ಲಿ, ರೆಬ್ಲೊಶೋಂ ಮಾರಾಟ ಹೆಚ್ಚಿಸೋಕೆ ಅದರ ಉತ್ಪಾದಕರ ಸಂಘ ಪ್ರಚಾರ ಮಾಡಿದ ಮೇಲೆ. ಹಳೆಯದು 'ಪೇಲಾ' ಅನ್ನೋ ಬಾಣಲೆ ಅಡುಗೆ. ನೋಡೋಕೆ ಪೂರ್ತಿ ವೆಜ್ ಥರ ಕಾಣೋ ತಾರ್ತಿಫ್ಲೆಟ್‌ನೊಳಗೆ ಹಂದಿ ಮಾಂಸದ ಸಣ್ಣ ಸಣ್ಣ ಚೂರು ಇರುತ್ತೆ, 'ಲಾರ್ದೋಂ' ಅಂತಾರೆ. ಆ ಪದ ಬಾಯಿಪಾಠ ಮಾಡ್ಕೊಳ್ಳಿ. ಸಲಾಡ್‌ನಲ್ಲೂ ಹಾಕಿರ್ತಾರೆ. ಮೂರನೆಯದು ರಾಕ್ಲೆಟ್: ದೊಡ್ಡ ಚೀಸ್ ಚಕ್ರವನ್ನ ಅರ್ಧ ಕತ್ತರಿಸಿ, ಕಾಯಿಸಿ, ಕರಗಿದ ಭಾಗವನ್ನ ಬೇಯಿಸಿದ ಆಲೂಗಡ್ಡೆ ಮೇಲೆ ಕೆರೆದು ಹಾಕ್ಕೊಳ್ಳೋದು. ಜತೆಗೆ ಉಪ್ಪಿನಕಾಯಿ ಥರ ಪುಟ್ಟ ಸೌತೆಕಾಯಿ. ಮಾಂಸದ ತಟ್ಟೆ ಬೇರೆ ಬರುತ್ತೆ, ಬೇಡ ಅಂದರೆ ತರಲ್ಲ.

ಮೊದಲ ರಾತ್ರಿ ನಾನು ಭಾರಿ ಬುದ್ಧಿವಂತನ ಥರ ಯೋಚಿಸಿದೆ. ಫಾಂಡ್ಯೂನಲ್ಲಿ ವೈನ್, ಬೇಡ. ತಾರ್ತಿಫ್ಲೆಟ್‌ನಲ್ಲಿ ಲಾರ್ದೋಂ, ಬೇಡ. ರಾಕ್ಲೆಟ್ ಸೇಫ್. ಮರದ ಗೋಡೆ, ಹಳೇ ಸ್ಕೀ ಹಲಗೆ ತೂಗುಹಾಕಿದ ಪುಟ್ಟ ಜಾಗ, ಒಬ್ಬರಿಗೆ 26 ಯೂರೋ. ಅಮ್ಮ ಮೊದಲು ವಾಸನೆಗೆ ಮೂಗು ಮುರಿದರು. ಆಮೇಲೆ ಒಂದು ತುತ್ತು, ಎರಡು ತುತ್ತು, ಆಮೇಲೆ ಆಲೂಗಡ್ಡೆ ಇನ್ನೊಂದು ಸಲ ತರಿಸಿದ್ವಿ. "ಇದಕ್ಕೆ ಒಂಚೂರು ಕಾಳುಮೆಣಸಿನ ಪುಡಿ ಇದ್ದಿದ್ರೆ" ಅಂದರು. ಇತ್ತು, ಹಾಕ್ಕೊಂಡರು. ಅಮ್ಮ ಇಷ್ಟು ಖುಷಿಯಾಗಿ ಹೊರಗಡೆ ಊಟ ಮಾಡಿದ್ದು ನಾನು ನೋಡೇ ಇಲ್ಲ.

ಅವರಿಗೆ ಗೊತ್ತಿಲ್ಲದ, ನನಗೆ ಗೊತ್ತಿದ್ದ ಒಂದು ವಿಷಯ ಇತ್ತು. ಅಲ್ಲಿನ ಸಾಂಪ್ರದಾಯಿಕ ಚೀಸ್‌ಗಳಿಗೆ ಹಾಲು ಹೆಪ್ಪುಗಟ್ಟಿಸೋಕೆ ಬಳಸೋದು 'ಪ್ರೆಜ್ಯೂರ್', ಇಂಗ್ಲಿಷಿನಲ್ಲಿ ರೆನೆಟ್. ಅದು ಹಾಲು ಕುಡಿಯೋ ಕರುವಿನ ಹೊಟ್ಟೆಯಿಂದ ತೆಗೆದ ಪದಾರ್ಥ. ಬೊಫೋರ್, ಕೊಂತೆ, ರೆಬ್ಲೊಶೋಂ ಎಲ್ಲಕ್ಕೂ ಅದೇ. ಜಿನೀವಾಕ್ಕೆ ಬಂದ ಹೊಸದರಲ್ಲಿ ಸೂಪರ್‌ಮಾರ್ಕೆಟ್ ಲೇಬಲ್ ಓದಿ, ಗೂಗಲ್ ಮಾಡಿ ತಿಳ್ಕೊಂಡಿದ್ದೆ. ನಾನು ಮೊಟ್ಟೆ ತಿನ್ನೋನು, ಒಂದು ವಾರ ಚೀಸ್ ಬಿಟ್ಟು ಆಮೇಲೆ ಮರೆತು ತಿನ್ನೋಕೆ ಶುರು ಮಾಡಿದ್ದೆ. ಅಮ್ಮನಿಗೆ ಹೇಳಿದರೆ ಇಲ್ಲಿ ತಿನ್ನೋಕೆ ಏನೂ ಉಳಿಯಲ್ಲ, ಟ್ರಿಪ್ ಹಾಳಾಗುತ್ತೆ ಅಂತ ಸುಮ್ಮನಿದ್ದೆ.

ಮಾರನೇ ದಿನ ಶನಿವಾರ. ಪ್ಲಾಸ್ ದ್ಯು ಮಾಂಟ್ ಬ್ಲಾಂಕ್ ಅನ್ನೋ ಬಯಲಿನಲ್ಲಿ ಶನಿವಾರ ಬೆಳಗ್ಗೆ ಸಂತೆ. ತಪ್ಪದೆ ಹೋಗಿ. ಬೆಟ್ಟದ ಜೇನು, ಬ್ಲೂಬೆರಿ ಜಾಮ್, ಒಣಗಿಸಿದ ಸಾಸೇಜುಗಳ ಸಾಲು, 'ಕ್ರೋಜೆ' ಅಂತ ಹುರುಳಿಕಾಳಿನಷ್ಟೇ ಪುಟ್ಟದಾದ ಚೌಕಾಕಾರದ ಪಾಸ್ತಾ, ಚೀಸ್ ಚಕ್ರಗಳು. ಸಂತೆ ಅಂದ್ರೆ ಅಮ್ಮನಿಗೆ ಭಾಷೆ ಬೇಡ. ಚೀಸ್ ಅಂಗಡಿಯ ಹೆಂಗಸು ರೆಬ್ಲೊಶೋಂ ತೋರಿಸ್ತಾ ಅದರ ಕಥೆ ಹೇಳಿದರು, ನಾನು ಅರ್ಧಂಬರ್ಧ ಕನ್ನಡ ಮಾಡಿ ಹೇಳಿದೆ. ಹಿಂದೆ ಇಲ್ಲಿನ ರೈತರು ಕರೆದ ಹಾಲಿನ ಲೆಕ್ಕದ ಮೇಲೆ ಜಮೀನಿನ ಒಡೆಯರಿಗೆ ಕಂದಾಯ ಕೊಡಬೇಕಿತ್ತಂತೆ. ಅಳೆಯೋಕೆ ಬಂದಾಗ ಕೆಚ್ಚಲಲ್ಲಿ ಸ್ವಲ್ಪ ಹಾಲು ಬಿಟ್ಟು ಕರೆಯೋದು, ಅವರು ಹೋದ ಮೇಲೆ ಇನ್ನೊಂದು ಸಲ ಕರೆಯೋದು. ಎರಡನೇ ಸಲದ ಹಾಲು ಗಟ್ಟಿ. ಆ ಹಾಲಿನ ಚೀಸೇ ಇದು, 'ಮತ್ತೆ ಕರೆಯೋದು' ಅನ್ನೋದರಿಂದ ಹೆಸರು ಬಂದಿದ್ದು.

ಅಮ್ಮ ನಕ್ಕುಬಿಟ್ಟರು. "ನಾವು ಕೆಚ್ಚಲಲ್ಲಿ ಕರುಗೆ ಅಂತ ಬಿಡ್ತಿದ್ವಿ. ಇವರು ಸಾಹುಕಾರನಿಗೆ ಟೋಪಿ ಹಾಕೋಕೆ ಬಿಟ್ಟಿದ್ದಾರೆ." ಇದನ್ನ ಅಂಗಡಿಯವರಿಗೆ ಹೇಳಿದೆ, ಅವರೂ ನಕ್ಕರು. ಆಮೇಲೆ ಅಮ್ಮ ಚೀಸನ್ನ ತಿರುಗಿಸಿ ನೋಡಿದರು. ಮೇಲ್ಗಡೆ ಒಂದು ಪುಟ್ಟ ಹಸಿರು ಬಿಲ್ಲೆ ಅಂಟಿತ್ತು. "ನೋಡೋ, ಇಲ್ಲೂ ನಮ್ಮ ಥರ ಹಸಿರು ಚುಕ್ಕೆ ಹಾಕ್ತಾರೆ!"

ಆ ಹಸಿರು ಬಿಲ್ಲೆಗೆ ಅರ್ಥವೇ ಬೇರೆ. ರೈತರ ಕೊಟ್ಟಿಗೆಯಲ್ಲೇ, ಒಂದೇ ಮಂದೆಯ ಹಾಲಿನಿಂದ ಮಾಡಿದ ರೆಬ್ಲೊಶೋಂಗೆ ಹಸಿರು ಬಿಲ್ಲೆ. ಡೈರಿಯಲ್ಲಿ ಬೇರೆ ಬೇರೆ ಕಡೆಯ ಹಾಲು ಸೇರಿಸಿ ಮಾಡಿದ್ದಕ್ಕೆ ಕೆಂಪು. ಸಸ್ಯಾಹಾರಕ್ಕೂ ಅದಕ್ಕೂ ಸಂಬಂಧ ಇಲ್ಲ. ನಾನು ಸುಮ್ಮನೆ "ಹೂಂ" ಅಂದಿದ್ದರೆ ಅಮ್ಮ ಎರಡು ತಗೊಂಡು ಊರಿಗೂ ಒಯ್ತಿದ್ದರೋ ಏನೋ. ಅಷ್ಟರಲ್ಲಿ ಅವರೇ ಕೇಳಿದರು, "ಹಾಲು ಒಡೆಯೋಕೆ ಏನು ಹಾಕ್ತಾರೆ ಕೇಳು. ನಿಂಬೆಹಣ್ಣಾ, ಮೊಸರಾ?"

ಕೇಳಬೇಕಾಗಿರಲಿಲ್ಲ. ಹೇಳಿದೆ.

ಅಮ್ಮ ಚೀಸನ್ನ ನಿಧಾನಕ್ಕೆ ವಾಪಸ್ ಇಟ್ಟರು. "ನಿನ್ನೆ ರಾತ್ರಿದು?" ಅಂದರು. "ಅದೂ." "ನಿನಗೆ ಗೊತ್ತಿತ್ತಾ?" ಗೊತ್ತಿತ್ತು ಅಂದೆ. ಅಂಗಡಿಯವರಿಗೆ ಕೈ ಮುಗಿದು ಮುಂದೆ ನಡೆದುಬಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಸಂಜೆ ಫ್ಲ್ಯಾಟಿನಲ್ಲಿ ಅಕ್ಕಿ ಆರಿಸ್ತಾ (ಪ್ಯಾಕೆಟ್ ಅಕ್ಕಿ, ಅದರಲ್ಲಿ ಕಲ್ಲೇ ಇಲ್ಲ, ಆದ್ರೂ ಆರಿಸ್ತಾರೆ) ಅಂದರು: "ತಿಂದಿದ್ದಕ್ಕೆ ನಂಗೇನಿಲ್ಲ. ನಂಗೆ ಗೊತ್ತಿರ್ಲಿಲ್ಲ. ನೀನು ಗೊತ್ತಿದ್ದೂ ಬಡಿಸ್ದೆ ನೋಡು." ನನ್ನ ಹತ್ತಿರ ಉತ್ತರ ಇರಲಿಲ್ಲ. ಹೆಂಡತಿಯೂ ನನ್ನ ಪರ ನಿಲ್ಲಲಿಲ್ಲ, ಅವಳಿಗೂ ನಾನು ಹೇಳಿರಲಿಲ್ಲ.

ಅಲ್ಲಿಂದ ಮುಂದೆ ಎಲ್ಲಿ ಹೋದರೂ ಪ್ರತಿಯೊಂದನ್ನೂ ಕೇಳಿ, ಕೇಳಿದ್ದನ್ನ ಹಾಗೇ ಹೇಳೋದು ಅಂತ ಆಯ್ತು. ಹಾಗೆ ಹುಡುಕಿದಾಗ ಸಿಕ್ಕಿದ್ದು ಕಮ್ಮಿ ಏನಿಲ್ಲ.

ಪಿಜ್ಜಾ ಅಂಗಡಿಗಳಲ್ಲಿ 'ಮರಿನಾರಾ' ಇದೆಯಾ ನೋಡಿ. ಟೊಮ್ಯಾಟೋ, ಬೆಳ್ಳುಳ್ಳಿ, ಓರೆಗಾನೋ ಅಷ್ಟೇ, ಚೀಸೇ ಇರಲ್ಲ. ಮೆನುವಿನಲ್ಲಿ ಇಲ್ಲದಿದ್ದರೂ "ಸಾನ್ ಫ್ರೋಮಾಜ್", ಅಂದ್ರೆ ಚೀಸ್ ಇಲ್ಲದೆ, ಅಂದರೆ ಮಾಡಿಕೊಡ್ತಾರೆ. ವಿಚಿತ್ರವಾಗಿ ನೋಡ್ತಾರೆ, ಪರವಾಗಿಲ್ಲ. ಕ್ರೇಪ್ ಅಂಗಡಿಯ ದೋಸೆ ಥರದ್ದರಲ್ಲಿ ಮೊಟ್ಟೆ ಇರುತ್ತೆ. ಖಾರದ ಕಡೆಯ 'ಗ್ಯಾಲೆಟ್' ಬಕ್‌ವೀಟ್ ಹಿಟ್ಟಿನದು, ಕೆಲವರು ಮೊಟ್ಟೆ ಇಲ್ಲದೆ ಬರೀ ನೀರು ಉಪ್ಪಿನಲ್ಲೇ ಕಲಸ್ತಾರೆ, ಕೇಳಬೇಕು. ಸೂಪ್ ಅಂದ್ರೆ ಸೇಫ್ ಅಂದ್ಕೋಬೇಡಿ, ತರಕಾರಿ ಸೂಪಿಗೂ ಕೋಳಿ ಇಲ್ಲಾ ದನದ ಮಾಂಸ ಕುದಿಸಿದ ನೀರು ಹಾಕೋದು ಮಾಮೂಲು.

ಇಂಡಿಯನ್ ಊಟವೂ ಇದೆ. ಅನ್ನಪೂರ್ಣ ಅನ್ನೋ ರೆಸ್ಟೋರೆಂಟ್ ಹೆಸರು ನೋಡಿ ಅಮ್ಮ "ಹೊರನಾಡಮ್ಮ ಇಲ್ಲೂ ಬಂದ್ಲಾ" ಅಂದರು. ಆದರೆ ಶಾಮೊನಿಯವರಿಗೆ ಅನ್ನಪೂರ್ಣ ಅಂದ್ರೆ ನೇಪಾಳದ ಬೆಟ್ಟ. 1950ರ ಜೂನ್ 3ರಂದು ಮೊರಿಸ್ ಎರ್ಝೋಗ್, ಲೂಯಿ ಲಾಶೆನಾಲ್ ಅದನ್ನ ಹತ್ತಿದ್ದು, ಎಂಟು ಸಾವಿರ ಮೀಟರ್ ದಾಟಿದ ಶಿಖರವೊಂದರ ಮೇಲೆ ಮನುಷ್ಯ ಕಾಲಿಟ್ಟಿದ್ದು ಅದೇ ಮೊದಲು. ಆ ತಂಡದಲ್ಲಿ ಶಾಮೊನಿಯ ಪರ್ವತ ಗೈಡುಗಳಿದ್ದರು, ಎರ್ಝೋಗ್ ಆಮೇಲೆ ಈ ಊರಿನ ಮೇಯರ್ ಕೂಡ ಆದರು. ಇಷ್ಟೆಲ್ಲಾ ಹೇಳಿದ ಮೇಲೂ ಅಮ್ಮನ ಪ್ರಕಾರ ಬೆಟ್ಟಕ್ಕೆ ಹೆಸರು ಬಂದಿದ್ದು ದೇವರಿಂದಲೇ ತಾನೇ. ಸರಿ. ದಾಲ್, ಅನ್ನ, ಆಲೂಗೋಬಿ ತಿಂದ್ವಿ.

ಆದರೆ ನಾಲ್ಕು ದಿನದಲ್ಲಿ ನಮ್ಮನ್ನ ನಿಜವಾಗಿ ಕಾಪಾಡಿದ್ದು ಫ್ಲ್ಯಾಟಿನ ಅಡುಗೆಮನೆ. ಹೋಟೆಲ್ ರೂಮಿಗಿಂತ ಒಲೆ ಇರೋ ಫ್ಲ್ಯಾಟ್ ತಗೊಳ್ಳಿ. ಊರಿನ ಮಧ್ಯದಲ್ಲೇ ಸೂಪರ್‌ಮಾರ್ಕೆಟ್ ಇದೆ, ಅಕ್ಕಿ, ತರಕಾರಿ, ಸಾದಾ ಮೊಸರು ಎಲ್ಲಾ ಸಿಗುತ್ತೆ. ಊರಿನ ಎತ್ತರ 1,035 ಮೀಟರ್, ಬೆಂಗಳೂರಿನದು 900ಕ್ಕೂ ಸ್ವಲ್ಪ ಮೇಲೆ. ಹಿಮ ಬಿದ್ದಿದೆ ಅಂತ ಅನ್ನ ಬೇಯೋಕೆ ಜಾಸ್ತಿ ಹೊತ್ತೇನೂ ಬೇಡ. ಒಗ್ಗರಣೆ ಹಾಕುವಾಗ ಮಾತ್ರ ಎಚ್ಚರ. ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದಿದ್ದೇ ಸ್ಮೋಕ್ ಅಲಾರಂ ಕಿರುಚಿಕೊಳ್ತು, ಪಕ್ಕದ ಫ್ಲ್ಯಾಟಿನ ಅಜ್ಜ ಬಾಗಿಲು ತಟ್ಟಿದರು. ಕೆಮ್ಮುತ್ತಲೇ "ಬೋನ್ ಅಪೆತಿ" ಅಂದು ಹೋದರು.

ಇನ್ನು ಬೆಟ್ಟದ ಮೇಲೆ. ಭಾನುವಾರ ಬ್ರೆವಾಂ ಕಡೆ ಹೋದ್ವಿ. ಊರಿನಿಂದಲೇ ಗೊಂಡೋಲಾ ಹತ್ತಿದರೆ ಪ್ಲಾನ್‌ಪ್ರಾ, ಎರಡು ಸಾವಿರ ಮೀಟರ್. ಅಲ್ಲಿಂದ ಇನ್ನೊಂದು ಕೇಬಲ್ ಕಾರಿನಲ್ಲಿ 2,525 ಮೀಟರಿನ ಬ್ರೆವಾಂ ತುದಿ. ಸ್ಕೀ ಮಾಡದವರಿಗೆ ನಡಿಗೆ ಟಿಕೆಟ್ ಬೇರೆ ಇರುತ್ತೆ, ಅಮ್ಮನಿಗೆ ಅದು. ಕಣಿವೆಯ ಆಚೆ ಬದಿಗೆ ಮಾಂಟ್ ಬ್ಲಾಂಕ್ ಇರೋದರಿಂದ ನೋಟಕ್ಕೆ ಇಷ್ಟು ಒಳ್ಳೆ ಜಾಗ ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ. ಪ್ಲಾನ್‌ಪ್ರಾದಲ್ಲಿ 'ಲಾ ಬೆರ್ಜೆರಿ' ಅನ್ನೋ ರೆಸ್ಟೋರೆಂಟ್, ತುದಿಯಲ್ಲಿ 'ಲೆ ಪನೊರಾಮಿಕ್'. ಎರಡೂ ಕಡೆ ನೀವು ದುಡ್ಡು ಕೊಡೋದು ಅರ್ಧ ಊಟಕ್ಕೆ, ಅರ್ಧ ಕಿಟಕಿಗೆ. ಕೊಡಬಹುದು, ತಪ್ಪೇನಿಲ್ಲ. ಹನ್ನೆರಡಕ್ಕೆ ಮೊದಲೇ ಹೋಗಿ ಕೂತ್ಕೊಳ್ಳಿ.

ನಮಗೆ ಖುಷಿ ಕೊಟ್ಟಿದ್ದು ಬೇರೆ. ಫ್ರಾನ್ಸ್‌ನ ಸ್ಕೀ ಊರುಗಳಲ್ಲಿ 'ಸಾಲ್ ಓರ್ ಸಾಕ್' ಅಂತ ಒಂದು ವ್ಯವಸ್ಥೆ ಇದೆ. ಚೀಲದಿಂದ ತೆಗೆದು ತಿನ್ನೋರ ಕೋಣೆ ಅಂತ ಅರ್ಥ. ಬೆಟ್ಟದ ಮೇಲಿನ ಕೆಲವು ಲಿಫ್ಟ್ ನಿಲ್ದಾಣಗಳಲ್ಲಿ ಬೆಚ್ಚಗಿನ ಒಂದು ರೂಮು, ಮೇಜು, ಬೆಂಚು. ನಿಮ್ಮ ಬುತ್ತಿ ನೀವು ತಂದು ಕೂತು ತಿನ್ನಬಹುದು, ಏನೂ ಕೊಳ್ಳಬೇಕಾಗಿಲ್ಲ, ಯಾರೂ ಎಬ್ಬಿಸಲ್ಲ. ಬೋರ್ಡ್ ಚಿಕ್ಕದಾಗಿರುತ್ತೆ, ಟಿಕೆಟ್ ಕೌಂಟರಿನಲ್ಲೇ ಕೇಳಿ. ಅಮ್ಮ ಡಬ್ಬಿ ತೆಗೆದರು: ಮೊಸರನ್ನ, ನಿಂಬೆಹಣ್ಣಿನ ಉಪ್ಪಿನಕಾಯಿ, ಚಕ್ಕುಲಿ. ನಾನು ಬೆಳಗ್ಗೆಯಿಂದ ಏಳು ಸಲ ಬಿದ್ದಿದ್ದೆ (ಅಮ್ಮ ಎಣಿಸಿದ್ದರು), ಆ ಮೊಸರನ್ನ ಹೋದ ಹಾಗೆ ಹೊಟ್ಟೆಗೆ ಯಾವುದೂ ಹೋಗಿಲ್ಲ. ಎದುರು ಬೆಂಚಿನಲ್ಲಿ ಒಂದು ಫ್ರೆಂಚ್ ಕುಟುಂಬ, ಹಲಗೆ ಇಟ್ಟು ಚಾಕುವಿನಲ್ಲಿ ಸಾಸೇಜ್, ಚೀಸ್ ಕುಯ್ತಿದ್ದರು. ಅವರ ಮಗು ಚಕ್ಕುಲಿಯನ್ನೇ ನೋಡ್ತಿತ್ತು. ಅಮ್ಮ ಎರಡು ಕೊಟ್ಟರು. ಅವರ ಅಮ್ಮ ಪ್ರತಿಯಾಗಿ ಚೀಸ್ ಹಲಗೆಯನ್ನ ಈ ಕಡೆ ತಳ್ಳಿದರು. ಅಮ್ಮ ನಗುತ್ತಾ ಕೈ ಅಡ್ಡ ಹಿಡಿದು, "ನನ್ನ ಮಗನಿಗೆ ಕೊಡಿ" ಅಂತ ಕನ್ನಡದಲ್ಲೇ ಹೇಳಿದರು. ಅವರಿಗೆ ಅರ್ಥವೂ ಆಯ್ತು. ನಾನು ಆ ಹೊತ್ತಿನಲ್ಲಿ ಒಂದು ಚೂರು ಚೀಸ್ ಬಾಯಿಗೆ ಹಾಕ್ಕೊಂಡಿದ್ದು ಎಷ್ಟು ಕಷ್ಟದಲ್ಲಿ ಅಂತ ನಿಮಗೆ ಗೊತ್ತಾಗಿರಬೇಕು.

ಆ ರಾತ್ರಿ ಅಮ್ಮನೇ ಹೇಳಿದರು, "ನೀವಿಬ್ರೂ ಆ ಅದ್ದಿ ತಿನ್ನೋದನ್ನ ತಿನ್ನಿ, ನಾನು ಜತೆಗೆ ಬರ್ತೀನಿ." ನಾವು ಫಾಂಡ್ಯೂ ತರಿಸಿದ್ವಿ, ಅಮ್ಮ ಹಸಿರು ಸಲಾಡ್, ಬ್ರೆಡ್ಡು, ಆಲೂಗಡ್ಡೆ ಫ್ರೈಸ್. ಫಾಂಡ್ಯೂ ಮುಗಿಯೋ ಹೊತ್ತಿಗೆ ಪಾತ್ರೆಯ ತಳದಲ್ಲಿ ಚೀಸ್ ಗರಿಗರಿಯಾಗಿ ಹಿಡ್ಕೊಳ್ಳುತ್ತೆ. ಅದಕ್ಕೆ 'ಲಾ ರೆಲಿಜಿಯೂಸ್', ಸನ್ಯಾಸಿನಿ, ಅಂತ ಹೆಸರು. ಅದನ್ನ ಬಿಟ್ಟು ಏಳಬೇಡಿ, ಊಟದ ಅತಿ ರುಚಿಯಾದ ಭಾಗ ಅದೇ. ವೇಟರ್ ಬಂದು ಕೆರೆದು ಕೊಟ್ಟಾಗ ಅಮ್ಮ ಬಗ್ಗಿ ನೋಡಿ, "ಬೆಣ್ಣೆ ಕಾಯಿಸಿದ ಪಾತ್ರೆ ತಳದ ಗಸಿ ಥರ ಇದೆ. ಚಿಕ್ಕವನಿದ್ದಾಗ ಅದಕ್ಕೆ ಬೆಲ್ಲ ಹಾಕ್ಕೊಂಡು ಕಿತ್ತಾಡ್ತಿದ್ದೆ" ಅಂದರು. ಎರಡು ದಿನದಲ್ಲಿ ನನ್ನ ಕಡೆ ನೋಡಿ ನಕ್ಕಿದ್ದು ಆಗಲೇ.

ಉಳಿದವನ್ನ ಬೇಗ ಹೇಳಿಬಿಡ್ತೀನಿ. ಮಾಂಸಾಹಾರಿಗಳಿಗೆ 'ದಿಯೋ' ಅನ್ನೋ ಸವ್ವಾದ ಸಾಸೇಜ್ ಇದೆ, ಹೆಚ್ಚಾಗಿ ವೈನಿನಲ್ಲಿ ಬೇಯಿಸ್ತಾರೆ. ಮುಖ್ಯ ಬೀದಿಯ 'ಪೋಕೋ ಲೋಕೋ' ಬರ್ಗರ್‌ಗೆ ಹೆಸರುವಾಸಿ. ದೊಡ್ಡ ಬಜೆಟ್ ಇದ್ದರೆ ಮಿಶೆಲಿನ್ ತಾರೆ ಗಳಿಸಿದ 'ಆಲ್ಬೆರ್ ಪ್ರೆಮಿಯೇ', ಅದೇ ಹೋಟೆಲಿನವರದೇ ಹಳ್ಳಿ ಮನೆ ಶೈಲಿಯ 'ಮೇಜೋಂ ಕಾರಿಯೇ'. ನಾವು ಹೊರಗಿನಿಂದ ಮೆನು ಓದಿ ಗೌರವದಿಂದ ಮುಂದೆ ನಡೆದ್ವಿ. ಉಳಿದುಕೊಳ್ಳೋ ಜಾಗದಲ್ಲಿ 'ಕಾರ್ತ್ ದೋತ್' ಅಂತ ಅತಿಥಿ ಕಾರ್ಡ್ ಕೊಡ್ತಾರೆ, ಕೇಳಿ ಇಸ್ಕೊಳ್ಳಿ, ಕಣಿವೆಯೊಳಗಿನ ಬಸ್ಸು, ರೈಲು ಫ್ರೀ. ಊಟಕ್ಕೆ ಪಕ್ಕದ ಹಳ್ಳಿಗೆ ಹೋಗಿ ಬರೋಕೆ ಅನುಕೂಲ. 3,842 ಮೀಟರ್ ಎತ್ತರದ ಎಗ್ವಿಯ್ ದ್ಯು ಮಿದಿಗೆ ಹೋಗೋರು ಹೊಟ್ಟೆ ಬಿರಿಯೋ ಹಾಗೆ ತಿಂದು ಹೋಗಬೇಡಿ. ಕೇಬಲ್ ಕಾರ್ ಇಪ್ಪತ್ತೇ ನಿಮಿಷದಲ್ಲಿ ಮೇಲಕ್ಕೆ ಒಯ್ಯುತ್ತೆ, ತಲೆ ತಿರುಗುತ್ತೆ. ಅಷ್ಟು ಎತ್ತರದಲ್ಲಿ ನೀರು 87 ಡಿಗ್ರಿ ಆಸುಪಾಸಿಗೇ ಕುದಿಯೋದರಿಂದ ಟೀ ಕೂಡ ಸಪ್ಪೆ. ಕೆಳಗೆ ಬಂದು ಕುಡಿಯಿರಿ.

ಸೋಮವಾರ ಸಂಜೆ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ಬೇಕರಿಯ ಗಾಜಿನೊಳಗೆ ಬ್ಲೂಬೆರಿ ಟಾರ್ಟ್, ಕಡುನೀಲಿ ಬಣ್ಣಕ್ಕೆ ಹೊಳೀತಿತ್ತು. ಅಮ್ಮ ನಿಂತು ನೋಡಿದರು. ನಾನು ಒಳಗೆ ಹೋಗಿ ಮೊಟ್ಟೆ ಇದೆಯಾ ಅಂತ ಕೇಳಿದೆ. ಇದೆ ಅಂದರು. ಹೊರಗೆ ಬಂದು, "ಮೊಟ್ಟೆ ಇದೆಯಂತೆ" ಅಂದೆ. "ಹಾಗಾದ್ರೆ ನೀವು ತಿನ್ನಿ" ಅಂದರು. ಪಕ್ಕದಲ್ಲೇ ಐಸ್‌ಕ್ರೀಂ ಅಂಗಡಿ. ರಾಸ್ಪ್‌ಬೆರಿ ಸೋರ್ಬೆಯಲ್ಲಿ ಏನೇನಿದೆ ಅಂತ ಕೇಳಿದೆ: ಹಣ್ಣು, ನೀರು, ಸಕ್ಕರೆ. ಅಷ್ಟನ್ನೂ ಅಮ್ಮನಿಗೆ ಹೇಳಿದೆ. "ಎರಡು ಉಂಡೆ ಹಾಕ್ಸು" ಅಂದರು. ಮೈನಸ್ ನಾಲ್ಕು ಡಿಗ್ರಿ ಚಳಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ನಿಂತು, ಕೈಗವಸು ಹಾಕ್ಕೊಂಡೇ ಪೂರ್ತಿ ಮುಗಿಸಿದರು.